ಓಟದ ಹಾದಿ, ಉಳ್ಳಾಗಡ್ಡಿಯ ಹಾದಿ



ನಮ್ಮ ಸಂಘದ ತರುಣ ಸದಸ್ಯನೊಬ್ಬ ಪತ್ರಿಕೆಗೆ ಒಂದು ಕಾಗದ ಬರೆದಿದ್ದಾನೆ. ಕಾಗದದಲ್ಲಿ ಸಿಟ್ಟಿದೆ, ನೋವಿದೆ, ಒಂದು ಪ್ರಶ್ನೆಯೂ ಇದೆ. ಪ್ರಶ್ನೆ ಅವನೊಬ್ಬನದೇ ಅಲ್ಲವಾದ್ದರಿಂದ ಉತ್ತರವನ್ನು ಎಲ್ಲರೆದುರು ಹೇಳುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ಈತ ಕುಂದಾಪುರದ ಕಡೆಯವನು; ತುರ್ಭೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ನಾಸಿಕ ಜಿಲ್ಲೆಯ ಲಾಸಲಗಾಂವ್ ಪೇಟೆಯಲ್ಲಿ ನಮ್ಮವರ ಲಾರಿಯೊಂದು ಕ್ಲಚ್ ಪ್ಲೇಟು ಸುಟ್ಟುಕೊಂಡು ನಿಂತಾಗ, ಅದನ್ನು ಬದಲಿಸಲು ಇವನನ್ನು ಕಳುಹಿಸಿದರು. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಮಾಲು ಹೇರುವುದು ಇನ್ನೂ ಬಾಕಿ ಇತ್ತು. ಹುಡುಗ ಲಾರಿಯ ನೆರಳಿನಲ್ಲಿ ಕೂತು, ಹಿಂದಿನ ದಿನ ಎಲ್ಲೋ ಪರದೇಶದಲ್ಲಿ ನಡೆದ ಫಾರ್ಮುಲಾ ಒನ್ ಮೋಟಾರು ಓಟವನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಪಕ್ಕದಲ್ಲಿ ಬೀಡಿ ಹಚ್ಚಿ ಕೂತಿದ್ದ ಮುದಿ ಹಮಾಲನೊಬ್ಬ ಬಗ್ಗಿ ನೋಡಿ, “ಈ ಗಾಡಿಗಳು ಎಲ್ಲಿಗೆ ಹೊರಟಿವೆ?” ಎಂದು ಕೇಳಿದ.

“ಎಲ್ಲಿಗೂ ಇಲ್ಲ ಕಾಕಾ, ಅಲ್ಲೇ ಸುತ್ತುತ್ತವೆ.”

“ಮಾಲು ಎಷ್ಟು ಹೇರಿದ್ದಾರೆ?”

“ಮಾಲು ಇಲ್ಲ. ಡ್ರೈವರ ಒಬ್ಬನೇ.”

ಹಮಾಲ ಸ್ವಲ್ಪ ಹೊತ್ತು ಯೋಚಿಸಿ, “ಗಾಣದ ಎತ್ತೂ ಅಲ್ಲೇ ಸುತ್ತುತ್ತದೆ. ಆದರೆ ಎಣ್ಣೆಯಾದರೂ ಬರುತ್ತದೆ” ಎಂದನಂತೆ. ಸುತ್ತಲಿದ್ದವರೆಲ್ಲ ನಕ್ಕರು. ಇಂಡಿ ತಾಲೂಕಿನವರಾದ ನಮ್ಮ ಡ್ರೈವರರು, “ಏ ತಮ್ಮಾ, ಅದನ್ನ ಕಿಸೇದಾಗ ಇಡು, ಬಂದು ಹಗ್ಗ ಹಿಡಿ” ಎಂದರು. ಹುಡುಗನಿಗೆ ಅವಮಾನವಾಯಿತು.

ಅವನು ಬರೆದುದರ ಸಾರಾಂಶ ಇಷ್ಟು: “ಎಂಜಿನ್ನಿನ ಕೆಲಸ ನನ್ನ ಅನ್ನ. ಜಗತ್ತಿನಲ್ಲಿ ಆ ಕೆಲಸದ ಶಿಖರವೆಂದರೆ ಈ ಓಟ. ನಮ್ಮ ದೇಶದಲ್ಲೂ ಒಂದು ಒಳ್ಳೆಯ ಓಟದ ಹಾದಿ ಕಟ್ಟಿದ್ದರು, ಅದು ಹಾಳು ಬಿತ್ತು. ಈಗ ಮತ್ತೆ ಓಟ ತರುವ ಮಾತು ಕೇಳಿಬರುತ್ತಿದೆ. ನಮ್ಮವರು ಮಾತ್ರ ಅದನ್ನು ಕಂಡು ನಗುತ್ತಾರೆ. ಎಲ್ಲದಕ್ಕೂ ಬೇಡ ಎನ್ನುವುದೇ ಕಾರ್ಮಿಕರ ಧರ್ಮವೇ?”

ಇಲ್ಲ, ತಮ್ಮಾ. ಬೇಡ ಎನ್ನುವುದು ನಮ್ಮ ಧರ್ಮವಲ್ಲ. ಲೆಕ್ಕ ಕೇಳುವುದು ನಮ್ಮ ಧರ್ಮ. ಓಟದ ಹಾದಿಯ ಇತಿಹಾಸವೆಂದು ಪತ್ರಿಕೆಗಳು ಬರೆಯುವುದು ಗೆದ್ದವರ ಪಟ್ಟಿಯನ್ನು. ನಾವು ಬರೆಯಬೇಕೆಂದಿರುವುದು ಬೇರೊಂದು ಇತಿಹಾಸ: ಜಾಗ ಯಾರದು, ಕಟ್ಟಿದ ಕೈ ಯಾರದು, ದುಡ್ಡು ಯಾರದು, ಕೊನೆಗೆ ಉಳಿದದ್ದು ಯಾರಿಗೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಬೇಕೋ ಬೇಡವೋ ಎಂಬುದನ್ನು ನೀನೇ ಹೇಳು.

ಜಗತ್ತಿನಲ್ಲಿ ಮೋಟಾರು ಓಟಕ್ಕೆಂದೇ ಮೊದಲು ಕಟ್ಟಿದ ಹಾದಿ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್. ೧೯೦೭ರಲ್ಲಿ ಅದು ತೆರೆಯಿತು. ಕಟ್ಟಿಸಿದವನು ಹ್ಯೂ ಲಾಕ್ ಕಿಂಗ್ ಎಂಬ ಶ್ರೀಮಂತ ಭೂಮಾಲಿಕ. ಅವನು ತನ್ನ ಜಮೀನಿನಲ್ಲಿ, ತನ್ನ ದುಡ್ಡಿನಿಂದ ಕಟ್ಟಿಸಿದ. ಖರ್ಚಿನ ಭಾರಕ್ಕೆ ತಾನೇ ಬಗ್ಗಿದ. ಅಲ್ಲಿ ಬಡವರಿಗೆ ಆದರವಿರಲಿಲ್ಲ, ನಿಜ. ಆದರೆ ಬಡವನ ಹೊಲವನ್ನೂ ಅವನು ಕೇಳಲಿಲ್ಲ. ೧೯೨೨ರಲ್ಲಿ ಇಟಲಿಯ ಮೊಂಝಾ ಹಾದಿಯನ್ನು ೩,೫೦೦ ಕೂಲಿಕಾರರು ೧೧೦ ದಿನಗಳಲ್ಲಿ ಕಟ್ಟಿ ಮುಗಿಸಿದರು. ಆ ಹಾದಿಯಲ್ಲಿ ಗೆದ್ದವರ ಹೆಸರು ಮಕ್ಕಳ ಬಾಯಲ್ಲೂ ಉಂಟು. ಆ ೩,೫೦೦ ಜನರಲ್ಲಿ ಒಬ್ಬನ ಹೆಸರನ್ನಾದರೂ ನಾವು ಕೇಳಿದ್ದೇವೆಯೇ?

ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನ ಕಥೆ ನಮ್ಮಂಥವರು ವಿಶೇಷವಾಗಿ ತಿಳಿದಿರಬೇಕಾದದ್ದು. ೧೯೨೫ರಲ್ಲಿ ಐಫೆಲ್ ಎಂಬ ಬಡ ಗುಡ್ಡಗಾಡಿನಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಬೇಕೆಂದು ಸರಕಾರ ಅದನ್ನು ಬರಗಾಲದ ಕಾಮಗಾರಿಯಂತೆ ಕೈಗೆತ್ತಿಕೊಂಡಿತು. ಎರಡು ಸಾವಿರಕ್ಕೂ ಮಿಕ್ಕಿದ ಜನ ಕಲ್ಲು ಒಡೆದರು, ಮಣ್ಣು ಹೊತ್ತರು. ೧೯೨೭ರಲ್ಲಿ ೨೮ ಕಿಲೋಮೀಟರಿನ ಹಾದಿ ತೆರೆಯಿತು. ಹಸಿದ ಸೀಮೆಯಲ್ಲಿ ಆ ಹಾದಿಯಿಂದ ಒಲೆ ಹೊತ್ತಿದ್ದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಹಾದಿಯ ಮಗ್ಗುಲಲ್ಲಿ ೨೦೦೯ರಲ್ಲಿ ಸಾರ್ವಜನಿಕ ಹಣದಿಂದ ದೊಡ್ಡ ವಿನೋದ ಕೇಂದ್ರ ಎದ್ದಿತು. ಅದರ ಹಣದ ಗೋಜಲಿನಿಂದ ಆ ಪ್ರಾಂತದ ಹಣಕಾಸು ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ೨೦೧೨ರಲ್ಲಿ ಸಂಸ್ಥೆಯೇ ದಿವಾಳಿ ಎದ್ದಿತು. ಕೂಲಿಯವನು ಕಟ್ಟಿದ ಹಾದಿ ೮೦ ವರ್ಷ ಬಾಳಿತು. ಸಾಹುಕಾರರ ಲೆಕ್ಕಪತ್ರ ಮೂರು ವರ್ಷ ಬಾಳಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಹೊಸದೊಂದು ದಾರಿ ತೋರಿತು. ಯುದ್ಧಕ್ಕೆಂದು ಕಟ್ಟಿದ ವಿಮಾನದ ನೆಲೆಗಳು ಕೆಲಸವಿಲ್ಲದೆ ಬಿದ್ದಿದ್ದವು. ೧೯೪೮ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಎಂಬಲ್ಲಿ ಅಂಥ ನೆಲೆಯೊಂದರಲ್ಲಿ ಹುಲ್ಲಿನ ಪಿಂಡಿ ಇಟ್ಟು, ಹಗ್ಗ ಕಟ್ಟಿ ಓಟ ನಡೆಸಿದರು. ನಮ್ಮ ದೇಶದಲ್ಲಿಯೂ ಅದೇ ಆಯಿತು. ಮದರಾಸಿನ ಉತ್ತರಕ್ಕೆ ಶೋಲಾವರಂ ಎಂಬಲ್ಲಿ ಯುದ್ಧಕಾಲದ ವಿಮಾನದ ಹಾದಿಯೊಂದಿತ್ತು. ೧೯೫೩ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ವರ್ಷ ವರ್ಷವೂ ಓಟ ನಡೆಸಿದರು.

ಶೋಲಾವರಂ ಬಡವರ ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಕಾರಿನ ಒಡೆಯರು ರಾಜರು, ಗಿರಣಿ ಮಾಲಿಕರು, ಶ್ರೀಮಂತರ ಮಕ್ಕಳು. ಆದರೆ ಓಡಿದ ಗಾಡಿ ಯಾವುದು? ಬೀದಿಯಲ್ಲಿ ಓಡಾಡುವ ಫಿಯಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್. ಅದನ್ನು ಬಿಚ್ಚಿ, ಉಜ್ಜಿ, ಹಗುರಗೊಳಿಸಿ, ಹೆಚ್ಚು ಓಡುವಂತೆ ಮಾಡಿದವರು ಯಾರು? ನಿನ್ನಂಥ ಗ್ಯಾರೇಜಿನ ಹುಡುಗರು, ಲೇತಿನ ಮೇಲೆ ಕೈ ಪಳಗಿಸಿದವರು. ಹೊರದೇಶದ ಬಿಡಿಭಾಗ ಸಿಗದ ಆ ಕಾಲದಲ್ಲಿ ಇಲ್ಲದ್ದನ್ನು ಕೈಯಿಂದಲೇ ಮಾಡಿಕೊಂಡರು. ಸಾವಿರಾರು ಜನ ಬಿಸಿಲಲ್ಲಿ ನಿಂತು ನೋಡಿದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಎಂಬವರು ೧೯೮೦ರ ದಶಕದ ಕೊನೆಗೆ ಮಾರುತಿ ಕಾರಿನ ಪುಟ್ಟ ಎಂಜಿನ್ ಇಟ್ಟು ಒಂದೇ ಆಸನದ ಓಟದ ಗಾಡಿಯನ್ನು ಇಲ್ಲಿಯೇ ತಯಾರಿಸಿದರು. ೧೯೯೦ರಲ್ಲಿ ಕ್ಲಬ್ಬಿನವರು ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ೩.೭ ಕಿಲೋಮೀಟರಿನ ಸ್ವಂತ ಹಾದಿ ತೆರೆದರು. ಕರಿವರ್ಧನ್ ೧೯೯೫ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಕೊಯಮತ್ತೂರಿನ ಬಳಿ ಇನ್ನೊಂದು ಸಣ್ಣ ಹಾದಿಯೂ ಆಯಿತು. ಭಾರತದಿಂದ ಮೊದಲು ಫಾರ್ಮುಲಾ ಒನ್ ಓಡಿಸಿದ ನಾರಾಯಣ್ ಕಾರ್ತಿಕೇಯನ್, ೨೦೦೫ರಲ್ಲಿ, ಅದೇ ಕೊಯಮತ್ತೂರಿನವರು. ದೇಶಕ್ಕೆ ಮೊದಲ ಓಟಗಾರನನ್ನು ಕೊಟ್ಟದ್ದು ಯುದ್ಧದವರು ಬಿಟ್ಟುಹೋದ ಹಳೆಯ ಸಿಮೆಂಟು ಮತ್ತು ಗ್ಯಾರೇಜಿನ ಬೆವರು ಎಂಬುದನ್ನು ನೆನಪಿಡು. ಸಾವಿರಾರು ಕೋಟಿಯ ಅರಮನೆ ಅಲ್ಲ.

ಈಗ ಆ ಅರಮನೆಯ ಕಥೆಗೆ ಬರೋಣ. ದಿಲ್ಲಿಯ ಹತ್ತಿರ, ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದಲ್ಲಿ ಬುದ್ಧನ ಹೆಸರಿಟ್ಟು ಒಂದು ಹಾದಿ ಕಟ್ಟಿದರು. ಮನೆ ಮಠ ಬಿಟ್ಟು, ಆಸೆಯೇ ದುಃಖದ ಮೂಲವೆಂದು ಸಾರಿದ ಮಹಾತ್ಮನ ಹೆಸರು! ಅಲ್ಲಿಯ ರೈತರ ಭೂಮಿಯನ್ನು ಸರಕಾರದ ಪ್ರಾಧಿಕಾರ ವಶಪಡಿಸಿಕೊಂಡು, ೧,೦೦೦ ಹೆಕ್ಟೇರು, ಅಂದರೆ ಸುಮಾರು ೨,೫೦೦ ಎಕರೆಯನ್ನು, ಕ್ರೀಡಾನಗರಕ್ಕೆಂದು ಜೇಪಿ ಕಂಪನಿಗೆ ಕೊಟ್ಟಿತು. ಅದರೊಳಗೆ ೫ ಕಿಲೋಮೀಟರಿಗಿಂತ ಸ್ವಲ್ಪ ಉದ್ದದ ಓಟದ ಹಾದಿ. ಅದನ್ನು ರಚಿಸಿದವನು ಜರ್ಮನಿಯ ಹೆರ್ಮನ್ ಟಿಲ್ಕೆ. ಖರ್ಚು ಸುಮಾರು ೨,೦೦೦ ಕೋಟಿ ರೂಪಾಯಿ ಎಂದು ಆಗಿನ ವರದಿಗಳು ಹೇಳಿದವು. ೨೦೧೧ರ ಅಕ್ಟೋಬರ್ ೩೦ರಂದು ಮೊದಲ ಓಟ ನಡೆಯಿತು. ಅತಿ ಕಡಿಮೆ ಬೆಲೆಯ ಟಿಕೆಟು ೨,೫೦೦ ರೂಪಾಯಿ.

ಆ ವರ್ಷವೇ ಮೇ ತಿಂಗಳಲ್ಲಿ, ಅಲ್ಲಿಂದ ದೂರವಲ್ಲದ ಭಟ್ಟಾ–ಪಾರಸೌಲ್ ಗ್ರಾಮಗಳಲ್ಲಿ ಯಮುನಾ ಹೆದ್ದಾರಿಗೆ ಸಂಬಂಧಿಸಿದ ಭೂಸ್ವಾಧೀನದ ವಿರುದ್ಧ ರೈತರು ಎದ್ದಿದ್ದರು. ಗೋಳಿಬಾರಾಯಿತು. ಇಬ್ಬರು ರೈತರು ಸತ್ತರು, ಇಬ್ಬರು ಪೊಲೀಸರೂ ಸತ್ತರು. ಸತ್ತ ಪೊಲೀಸನೂ ಯಾರೋ ರೈತನ ಮಗನೇ ಇದ್ದಾನು. ಹೆಚ್ಚುವರಿ ಪರಿಹಾರ ಕೊಡಿ ಎಂಬ ಆ ಸೀಮೆಯ ರೈತರ ಕೂಗು ಕಚೇರಿಯಿಂದ ಕಚೇರಿಗೆ ಅಲೆಯಿತು. ೨೦೧೪ರಲ್ಲಿ ಸರಕಾರ ಶೇಕಡಾ ೬೪.೭ರಷ್ಟು ಹೆಚ್ಚು ಕೊಡಬೇಕೆಂದು ಆಜ್ಞೆ ಮಾಡಿದರೆ, ಭೂಮಿ ಪಡೆದಿದ್ದವರು ನಾವು ಕೊಡುವುದಿಲ್ಲವೆಂದು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ರೈತರ ಪರವಾಗಿ ತೀರ್ಪು ಕೊಟ್ಟದ್ದು ೨೦೨೨ರ ಮೇ ತಿಂಗಳಲ್ಲಿ. ಓಟಗಾರನಿಗೆ ಗೆಲುವು ಒಂದೂವರೆ ಗಂಟೆಯಲ್ಲಿ ಸಿಕ್ಕಿತು. ರೈತನಿಗೆ ನ್ಯಾಯದ ಮಾತು ಸಿಗಲು ಹನ್ನೊಂದು ವರ್ಷ ಹಿಡಿಯಿತು. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಇನ್ನು ತೆರಿಗೆಯ ಮಾತು. ನಾವು ಒಂದು ಸಿನಿಮಾಕ್ಕೆ ಹೋದರೂ ಟಿಕೆಟಿನೊಳಗೆ ತೆರಿಗೆ ಕಟ್ಟಿ ಒಳಗೆ ಕೂರುತ್ತೇವೆ. ಈ ಓಟಕ್ಕೆ ಅಂದಿನ ರಾಜ್ಯ ಸರಕಾರ ಮನರಂಜನಾ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಟಿಕೆಟಿನ ಹಣದ ಕಾಲು ಭಾಗವನ್ನು ಬೇರೆ ಖಾತೆಯಲ್ಲಿ ಇಡಿರೆಂದು ಕೋರ್ಟು ಓಟಕ್ಕೆ ಮುಂಚೆಯೇ ಹೇಳಬೇಕಾಯಿತು. ಓಟದ ಹಕ್ಕಿನ ಒಡೆಯರಾದ ಪರದೇಶದ ಕಂಪನಿಯವರು ಇಲ್ಲಿ ನಮಗೆ ಕಾಯಂ ನೆಲೆಯೇ ಇಲ್ಲ, ಆದ್ದರಿಂದ ಆದಾಯ ತೆರಿಗೆಯೂ ಇಲ್ಲವೆಂದು ವಾದಿಸಿದರು. ಉಂಟು, ತೆರಿಗೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು ೨೦೧೭ರ ಏಪ್ರಿಲಿನಲ್ಲಿ. ಅಷ್ಟು ಹೊತ್ತಿಗೆ ಓಟವೇ ಇರಲಿಲ್ಲ! ೨೦೧೧, ೨೦೧೨, ೨೦೧೩, ಹೀಗೆ ಮೂರೇ ಮೂರು ಸಲ ನಡೆದು, ಮೂರೂ ಸಲ ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದು, ನಾಲ್ಕನೆಯ ವರ್ಷ ಅಂಗಡಿ ಮುಚ್ಚಿತು.

೨೦೧೨ರ ಓಟದ ಒಂದು ಸಂಗತಿಯನ್ನು ಕನ್ನಡಿಗರಾದ ನಾವು ಮರೆಯುವ ಹಾಗಿಲ್ಲ. ಆ ಓಟದಲ್ಲಿ ಭಾರತದ ಹೆಸರು ಹೊತ್ತ ಒಂದು ತಂಡವಿತ್ತು. ಅದರ ಒಡೆಯರಲ್ಲಿ ಪ್ರಮುಖರು ಬೆಂಗಳೂರಿನ ಮದ್ಯದೊರೆ ವಿಜಯ ಮಲ್ಯ. ಅವರದೇ ಕಿಂಗ್‌ಫಿಷರ್ ವಿಮಾನ ಕಂಪನಿಯ ನೌಕರರಿಗೆ ಆಗ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಅಕ್ಟೋಬರ್ ೨೦ರಂದು ಕಂಪನಿಯ ಪರವಾನಗಿ ಅಮಾನತಾಯಿತು. ಎಂಟು ದಿನ ಕಳೆದು, ಅಕ್ಟೋಬರ್ ೨೮ರಂದು, ಅವರ ಓಟದ ಗಾಡಿಗಳು ಬುದ್ಧನ ಹಾದಿಯಲ್ಲಿ ಓಡಿದವು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯಲ್ಲಿ ಹೊಟ್ಟೆಯೂ ಜುಟ್ಟೂ ಒಬ್ಬನದೇ. ಇಲ್ಲಿ ಹಸಿದ ಹೊಟ್ಟೆ ನೌಕರನದು, ಮಲ್ಲಿಗೆ ಮುಡಿದ ಜುಟ್ಟು ಒಡೆಯನದು. ಆ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದವರು, ತಮ್ಮಾ, ನಿನ್ನ ಕಸುಬಿನವರೇ.

ಆಮೇಲೆ ಏನಾಯಿತು? ಹಾದಿಯನ್ನು ಕಾರು ಕಂಪನಿಗಳಿಗೂ ವೇಗದ ಹವ್ಯಾಸದವರಿಗೂ ಬಾಡಿಗೆಗೆ ಕೊಟ್ಟರು. ೨೦೧೪ರಿಂದ ಕೆಲವು ವರ್ಷ ಅಲ್ಲಿ ಲಾರಿಗಳ ಓಟವೂ ನಡೆಯಿತು. ೨೦೧೬ರಲ್ಲಿ ನಮ್ಮ ದೇಶದ ಲಾರಿ ಡ್ರೈವರರಿಗೇ ತರಬೇತಿ ಕೊಟ್ಟು ಓಡಿಸಿದರು. ಇದನ್ನು ನಾವು ಮುಚ್ಚಿಡುವುದಿಲ್ಲ. ಹೆದ್ದಾರಿಯ ಧೂಳು ತಿಂದ ಡ್ರೈವರನೊಬ್ಬ ಆ ಹಾದಿಯಲ್ಲಿ ಗೆದ್ದು ಕೈ ಎತ್ತಿದಾಗ ನಮಗೂ ಸಂತೋಷವೇ. ಆದರೆ ಅದು ಬಾಳಲಿಲ್ಲ. ೨೦೨೦ರ ಫೆಬ್ರವರಿಯಲ್ಲಿ ಬಾಕಿ ಹಣ ಕಟ್ಟಲಿಲ್ಲವೆಂದು ಪ್ರಾಧಿಕಾರ ಆ ೧,೦೦೦ ಹೆಕ್ಟೇರಿನ ಹಂಚಿಕೆಯನ್ನೇ ರದ್ದುಪಡಿಸಿತು. ೨೦೨೩ರ ಸೆಪ್ಟೆಂಬರಿನಲ್ಲಿ ಮೋಟಾರು ಸೈಕಲ್ಲುಗಳ ದೊಡ್ಡ ಓಟ ಒಮ್ಮೆ ಬಂತು, ಮರುವರ್ಷ ಬರಲಿಲ್ಲ. ೨೦೨೪ರ ಜೂನಿನಲ್ಲಿ ಜೇಪಿ ಕಂಪನಿ ದಿವಾಳಿ ನ್ಯಾಯಮಂಡಳಿಯ ಕೈಗೆ ಹೋಯಿತು. ೨೦೨೫ರ ಮಾರ್ಚಿನಲ್ಲಿ ಹಂಚಿಕೆ ರದ್ದಾದದ್ದು ಸರಿಯೆಂದು ಅಲಹಾಬಾದ್ ಹೈಕೋರ್ಟು ಹೇಳಿತು. ಹಾದಿ ಹಾಳು ಬಿತ್ತು ಎಂದು ನೀನು ಬರೆದೆ. ಹಾದಿ ತಾನಾಗಿ ಹಾಳು ಬೀಳಲಿಲ್ಲ. ಅದನ್ನು ಕಟ್ಟಿದ ಲೆಕ್ಕವೇ ಹಾಳಾಗಿತ್ತು.

“ದೇಶದ ಪ್ರತಿಷ್ಠೆ” ಎಂಬ ಮಾತನ್ನು ಇಂಥಲ್ಲೆಲ್ಲ ಮುಂದೆ ತಂದು ನಿಲ್ಲಿಸುತ್ತಾರೆ. ದಕ್ಷಿಣ ಕೊರಿಯಾದ ಯೊಂಗಾಮ್ ಎಂಬಲ್ಲಿಯೂ ಪ್ರತಿಷ್ಠೆಗೆಂದೇ ಹಾದಿ ಕಟ್ಟಿದರು. ೨೦೧೦ರಿಂದ ೨೦೧೩ರ ತನಕ ನಾಲ್ಕು ಓಟ ನಡೆದು, ನಷ್ಟದ ಮೂಟೆ ಆ ಪ್ರಾಂತದ ಜನರ ತಲೆಗೆ ಬಂತು. ಹೈದರಾಬಾದಿನಲ್ಲಿ ೨೦೨೩ರ ಫೆಬ್ರವರಿ ೧೧ರಂದು ಹುಸೇನ್ ಸಾಗರದ ದಂಡೆಯ ರಸ್ತೆಯನ್ನು ಮುಚ್ಚಿ ವಿದ್ಯುತ್ ಕಾರುಗಳ ಓಟ ನಡೆಸಿದರು. ಸರಕಾರ ಬದಲಾಯಿತು, ೨೦೨೪ರ ಓಟ ರದ್ದಾಯಿತು, ಹಣ ಕೊಟ್ಟ ಬಗ್ಗೆ ತನಿಖೆ ಹೊರಟಿತು. ಚೆನ್ನೈಯಲ್ಲಿ ೨೦೨೩ರ ಡಿಸೆಂಬರಿಗೆ ಬೀದಿಯ ಓಟ ಗೊತ್ತಾಗಿತ್ತು. ಮಿಚಾಂಗ್ ಚಂಡಮಾರುತ ಬಂದು ಊರೇ ನೀರಿನಲ್ಲಿ ನಿಂತಾಗ ಮುಂದೂಡಬೇಕಾಯಿತು. ಕೊನೆಗೆ ೨೦೨೪ರ ಆಗಸ್ಟ್ ೩೧ ಮತ್ತು ಸೆಪ್ಟೆಂಬರ್ ೧ರಂದು ರಾತ್ರಿ ದೀಪದ ಬೆಳಕಿನಲ್ಲಿ ನಡೆಸಿದರು. ಊರಿನ ಚರಂಡಿಗೂ ಓಟದ ಹಾದಿಗೂ ಖರ್ಚಾಗುವ ದುಡ್ಡು ಒಂದೇ ಖಜಾನೆಯದು ಎಂಬುದನ್ನು ಜನರಿಗೆ ಆ ಮಳೆಯೇ ಹೇಳಿಕೊಟ್ಟಿತು.

ಇದೆಲ್ಲ ದೂರದ ಮಾತಾಯಿತು ಎನ್ನುವವರಿಗೆ ನಮ್ಮ ಮನೆಬಾಗಿಲ ಮಾತನ್ನೇ ಹೇಳುತ್ತೇವೆ. ೨೦೨೫ರಲ್ಲಿ ನವಿ ಮುಂಬಯಿಯ ಬೀದಿಗಳಲ್ಲಿ ರಾತ್ರಿ ಮೋಟಾರು ಓಟ ನಡೆಸುವ ಯೋಜನೆ ಪ್ರಕಟವಾಯಿತು. ಪಾಮ್ ಬೀಚ್ ರಸ್ತೆಯ ಹೆಸರು ಅದರಲ್ಲಿತ್ತು. ಆ ರಸ್ತೆಯ ಆಸುಪಾಸಿನಲ್ಲೇ ವಾಶಿಯ ದೊಡ್ಡ ಸಗಟು ಪೇಟೆ ಇದೆ. ಲಾಸಲಗಾಂವ್‌ನ ಲಾರಿ ಬೆಳಗಿನ ಜಾವ ಬಂದು ನಿಲ್ಲುವುದು ಅಲ್ಲಿಯೇ. ನೋಡಿದಿರಾ, ನಮ್ಮ ಹುಡುಗ ನೋಡುತ್ತಿದ್ದ ಓಟದ ಹಾದಿಯೂ, ಹಮಾಲ ಬೀಡಿ ಸೇದುತ್ತ ಕೂತಿದ್ದ ಉಳ್ಳಾಗಡ್ಡಿಯ ಹಾದಿಯೂ ಎಲ್ಲಿ ಬಂದು ಕೂಡುತ್ತವೆ!

ಹಾಗಾದರೆ ಈ ಎರಡನೆಯ ಹಾದಿಯ ಲೆಕ್ಕವನ್ನೂ ಸ್ವಲ್ಪ ನೋಡೋಣ. ಧಾರವಾಡ, ವಿಜಯಪುರದವರು ಉಳ್ಳಾಗಡ್ಡಿ ಎನ್ನಲಿ, ಕರಾವಳಿಯವರು ನೀರುಳ್ಳಿ ಎನ್ನಲಿ, ಮೈಸೂರಿನವರು ಈರುಳ್ಳಿ ಎನ್ನಲಿ, ಮುಂಬಯಿಯ ನಮ್ಮ ಹೋಟೆಲಿನವರಿಗೆ ಅದಿಲ್ಲದೆ ಒಲೆ ಹೊತ್ತುವುದಿಲ್ಲ. ಲಾಸಲಗಾಂವ್ ಪೇಟೆ ಸಮಿತಿ ಹುಟ್ಟಿದ್ದು ೧೯೪೭ರಲ್ಲಿ, ಸ್ವಾತಂತ್ರ್ಯದ ವರ್ಷ. ಏಷ್ಯಾದಲ್ಲೇ ದೊಡ್ಡ ನೀರುಳ್ಳಿ ಪೇಟೆಯೆಂದು ಅದರ ಹೆಸರು. ಟ್ರಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ವ್ಯಾಪಾರಿಗಳ ಗುಂಪು ಒಂದೊಂದೇ ಟ್ರಾಲಿಯ ಬಳಿ ಬಂದು, ಕೈಯಲ್ಲಿ ನಾಲ್ಕು ಗಡ್ಡೆ ಹಿಡಿದು ನೋಡಿ, ಕ್ವಿಂಟಲಿಗೆ ಇಷ್ಟೆಂದು ಕೂಗುತ್ತದೆ. ನಾಲ್ಕು ತಿಂಗಳ ಬೆಳೆಯ ಹಣೆಬರಹ ಒಂದೆರಡು ನಿಮಿಷದಲ್ಲಿ ತೀರ್ಮಾನ. ವೇಗವೆಂದರೆ ಇದು!

೨೦೧೮ರಲ್ಲಿ ಇದೇ ನಿಫಾಡ ತಾಲೂಕಿನ ರೈತನೊಬ್ಬ ೭೫೦ ಕಿಲೋ ನೀರುಳ್ಳಿ ಮಾರಿದ. ಬಂದದ್ದು ೧,೦೬೪ ರೂಪಾಯಿ. ಆತ ಆ ದುಡ್ಡನ್ನು ಮನಿಯಾರ್ಡರು ಮಾಡಿ ಪ್ರಧಾನ ಮಂತ್ರಿಗಳಿಗೇ ಕಳುಹಿಸಿದ ಸುದ್ದಿ ದೇಶಕ್ಕೆಲ್ಲ ಗೊತ್ತು. ಏಳು ವರ್ಷದ ಹಿಂದೆ ಬುದ್ಧನ ಹಾದಿಯಲ್ಲಿ ಎಲ್ಲಕ್ಕಿಂತ ಕಡಿಮೆ ಟಿಕೆಟಿಗೆ ಎಷ್ಟಿತ್ತೆಂದು ಮೇಲೆ ಹೇಳಿದ್ದೇವೆ. ಮುಕ್ಕಾಲು ಟನ್ನು ನೀರುಳ್ಳಿ ಅದರ ಅರ್ಧಕ್ಕೂ ಬರಲಿಲ್ಲ. ೨೦೨೩ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ ೪೦ರ ಸುಂಕ, ಡಿಸೆಂಬರಿನಲ್ಲಿ ರಫ್ತೇ ನಿಷೇಧ. ಹರಾಜು ನಿ೦ತಿತು, ಹಮಾಲನ ಕೂಲಿ ನಿಂತಿತು, ಲಾರಿ ನಿಂತಿತು. ರೈತನ ಮಾಲಿಗೆ ರಾತ್ರೋರಾತ್ರಿ ಸುಂಕ ಹಾಕಲು ಸರಕಾರಕ್ಕೆ ಕೈ ಬರುತ್ತದೆ. ಓಟದ ಟಿಕೆಟಿಗೆ ಮಾತ್ರ ತೆರಿಗೆ ಹಾಕಲು ಕೋರ್ಟು ಹೇಳಬೇಕು!

ಇನ್ನು ಡ್ರೈವರರ ಮಾತು. ಫಾರ್ಮುಲಾ ಒನ್ ಓಟ ಸುಮಾರು ೩೦೫ ಕಿಲೋಮೀಟರು. ಅದರ ಓಟ ಎರಡು ಗಂಟೆ ಮೀರಬಾರದೆಂದು ಅವರ ನಿಯಮ ಹೇಳುತ್ತದೆ.  ಆ ನಿಯಮ ಒಳ್ಳೆಯದು. ಲಾಸಲಗಾಂವ್‌ನಿಂದ ವಾಶಿಗೆ ೨೩೦ ಕಿಲೋಮೀಟರಿನ ಆಸುಪಾಸು. ಕಸಾರಾ ಘಾಟಿ ಇಳಿದು, ಟೋಲಿನಲ್ಲಿ ನಿಂತು, ಭಿವಂಡಿ–ಠಾಣೆಯ ಗದ್ದಲ ದಾಟಿ ಬರುವುದಕ್ಕೆ ರಾತ್ರಿಯೆಲ್ಲ ಬೇಕು. ಬಂದ ಮೇಲೆ ಇಳಿಸಲು ಕಾಯಬೇಕು, ಮತ್ತೆ ಹೇರಬೇಕು. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ಎಂದು ೧೯೬೧ರಲ್ಲೇ ಬರೆದಿಟ್ಟಿತ್ತು. ಆ ಎಂಟು ಗಂಟೆಯನ್ನು ಹೆದ್ದಾರಿಯಲ್ಲಿ ಕಂಡವರಿದ್ದರೆ ಸಂಘದ ಕಚೇರಿಗೆ ಬಂದು ತಿಳಿಸಬೇಕಾಗಿ ವಿನಂತಿ. ಲಾರಿಯ ಕ್ಯಾಬಿನ್ನಿನಲ್ಲಿ ತಂಪು ಯಂತ್ರ ಇರಬೇಕೆಂಬ ನಿಯಮ ಬಂದದ್ದು ೨೦೨೫ರಲ್ಲಿ, ಅದೂ ಹೊಸದಾಗಿ ತಯಾರಾದ ಲಾರಿಗಳಿಗೆ. ಹಳೆಯ ಲಾರಿಯವನಿಗೆ ಒದ್ದೆ ಟವಲೇ ತಂಪು ಯಂತ್ರ.

ಪ್ರತಿಷ್ಠೆ ಎಂದಿರಲ್ಲ, ಅದನ್ನು ನಾವು ಈ ಹಾದಿಯಲ್ಲೇ ಕಣ್ಣಾರೆ ಕಂಡಿದ್ದೇವೆ. ೨೦೧೮ರ ಮಾರ್ಚ್ ೬ರಂದು ನಾಸಿಕದಿಂದ ಸಾವಿರ ಸಾವಿರ ರೈತರು, ಆದಿವಾಸಿಗಳು ಹೊರಟರು. ಅದೇ ಕಸಾರಾ ಘಾಟಿ ಇಳಿದು, ಸುಮಾರು ೧೮೦ ಕಿಲೋಮೀಟರು ನಡೆದು ಮುಂಬಯಿಗೆ ಬಂದರು. ಹಲವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮರುದಿನ ಮಕ್ಕಳಿಗೆ ಎಸ್.ಎಸ್.ಸಿ. ಪರೀಕ್ಷೆ ಇದೆ, ಹಗಲು ರಸ್ತೆ ತುಂಬಿದರೆ ಅವರಿಗೆ ತೊಂದರೆಯಾದೀತೆಂದು, ಗುಳ್ಳೆ ಎದ್ದ ಕಾಲಿನಲ್ಲೇ ರಾತ್ರೋರಾತ್ರಿ ನಡೆದು ೧೨ನೆಯ ತಾರೀಕು ಆಜಾದ್ ಮೈದಾನ ಸೇರಿದರು. ಮುಂಬಯಿಯ ಜನ ದಾರಿಯಲ್ಲಿ ನೀರು ಕೊಟ್ಟರು, ಬಿಸ್ಕತ್ತು ಕೊಟ್ಟರು, ಚಪ್ಪಲಿ ಕೊಟ್ಟರು. ತನ್ನ ಹಕ್ಕು ಕೇಳಲು ಬಂದವನು ಪರರ ಮಕ್ಕಳ ಪರೀಕ್ಷೆಗಾಗಿ ರಸ್ತೆ ಬಿಟ್ಟುಕೊಟ್ಟ. ನಾಲ್ಕು ಜನ ಶ್ರೀಮಂತರ ಓಟಕ್ಕಾಗಿ ದಿನಗಟ್ಟಲೆ ರಸ್ತೆ ಮುಚ್ಚುವವರು ಈ ಮರ್ಯಾದೆಯನ್ನು ಅವನಿಂದ ಕಲಿಯಬೇಕು.

“ಓಟ ಬಂದರೆ ಕೆಲಸ ಬರುತ್ತದೆ” ಎಂದು ಕೆಲವರು ಹೇಳುತ್ತಾರೆ. ಬರುತ್ತದೆ, ನಾವು ಇಲ್ಲವೆನ್ನುವುದಿಲ್ಲ. ಕಟ್ಟುವಾಗ ಗುತ್ತಿಗೆಯವನ ಕೈಕೆಳಗೆ ದಿನಗೂಲಿ, ಓಟದ ಮೂರು ದಿನ ಕಾವಲು ಮತ್ತು ಕಸಗುಡಿಸುವ ಕೆಲಸ. ಓಟದ ಗಾಡಿಯೊಡನೆ ಅದರ ಮೆಕ್ಯಾನಿಕ್ಕುಗಳೂ ವಿಮಾನದಲ್ಲೇ ಬರುತ್ತಾರೆ, ವಿಮಾನದಲ್ಲೇ ಹೋಗುತ್ತಾರೆ. ನಿನ್ನ ಕೈಗೆ ಸ್ಪಾನರು ಯಾರು ಕೊಡುತ್ತಾರೆ, ತಮ್ಮಾ? ನಿನ್ನನ್ನು ಬೇಲಿಯ ಹೊರಗೆ ನಿಲ್ಲಿಸುತ್ತಾರೆ. ನಮ್ಮ ಸಿಟ್ಟು ಇರುವುದು ಆ ಬೇಲಿಯ ಮೇಲೆ. ಎಂಜಿನ್ನಿನ ಮೇಲೆ ಅಲ್ಲ.

ಮುದಿ ಹಮಾಲನ ಮಾತನ್ನೂ ನಾವು ಪೂರ್ತಿ ಒಪ್ಪುವುದಿಲ್ಲ. ಗಾಣದಿಂದ ಎಣ್ಣೆ ಬಂದಂತೆ ಓಟದಿಂದಲೂ ವಿದ್ಯೆ ಬರುತ್ತದೆ. ಓಟದಲ್ಲಿ ಪರೀಕ್ಷೆಯಾದ ಬ್ರೇಕು, ಟಯರುಗಳ ಪಾಠ ಬೀದಿಯ ಗಾಡಿಗೂ ಬಂದದ್ದುಂಟು. ನಮ್ಮ ಕರಾವಳಿಯ ಕಂಬಳವೂ ಓಟವೇ. ಅಲ್ಲಿಯೂ ದೊಡ್ಡ ಮನೆಯವರ ದೌಲತ್ತು ಇತ್ತು, ಕೆಳಗಿನವರಿಗೆ ಅನ್ಯಾಯವೂ ಇತ್ತು. ಆದರೆ ಬದುವಿನ ಮೇಲೆ ನಿಂತು ನೋಡುವವನಿಗೆ ಬೇಲಿ ಇರಲಿಲ್ಲ. ಮನುಷ್ಯನಿಗೆ ಅನ್ನದ ಜೊತೆ ಆಟವೂ ಬೇಕು. ದುಡಿಯುವವನಿಗೆ ಎಲ್ಲರಿಗಿಂತ ಹೆಚ್ಚು ಬೇಕು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಒಂದು: ಓಟದ ಹಾದಿಗೆಂದು ರೈತನ ಉಳುವ ಭೂಮಿಯನ್ನು ಸರಕಾರ ವಶಪಡಿಸಿಕೊಳ್ಳಕೂಡದು, ಶೋಲಾವರಂ ಮಾದರಿಯಲ್ಲಿ ಕೆಲಸವಿಲ್ಲದ ನೆಲ ಹುಡುಕಲಿ. ಎರಡು: ಸಾರ್ವಜನಿಕ ಹಣ, ಸಾರ್ವಜನಿಕ ರಸ್ತೆ ಕೊಡುವ ಮೊದಲು ಕರಾರುಪತ್ರವನ್ನು ಜನರ ಮುಂದಿಡಲಿ, ಪೇಟೆಯ ಹಮಾಲರನ್ನೂ ಲಾರಿಯವರನ್ನೂ ಕರೆದು ಕೇಳಲಿ. ಮೂರು: ಟಿಕೆಟಿನ ತೆರಿಗೆಗೆ ಒಂದು ಪೈಸೆಯ ಮಾಫಿಯೂ ಬೇಡ, ಆ ಹಣದಿಂದ ಲಾಸಲಗಾಂವ್, ಕಸಾರಾ, ವಾಶಿಗಳಲ್ಲಿ ಡ್ರೈವರರಿಗೆ ಮಲಗುವ ಕೋಣೆ, ಸ್ನಾನದ ನೀರು, ಶೌಚಾಲಯ ಕಟ್ಟಿಸಲಿ. ನಾಲ್ಕು: ಓಟ ಬರುವುದೇ ಆದರೆ ಗ್ಯಾರೇಜಿನ ಹುಡುಗರಿಗೆ ಬೇಲಿಯೊಳಗೆ ತರಬೇತಿಯ ಜಾಗ ಕರಾರಿನಲ್ಲೇ ಇರಲಿ.

ತಮ್ಮಾ, ನೀನು ಅಂದು ಬದಲಿಸಿದ ಕ್ಲಚ್ ಪ್ಲೇಟಿನಿಂದ ಆ ಲಾರಿ ಅದೇ ರಾತ್ರಿ ಘಾಟಿ ಇಳಿದು ಬೆಳಗಿನ ಜಾವಕ್ಕೆ ವಾಶಿ ಸೇರಿತೆಂದು ನಮ್ಮ ಡ್ರೈವರರು ಕಚೇರಿಗೆ ಬಂದು ಹೇಳಿದರು. ನಿನ್ನನ್ನು ಎಲ್ಲರೆದುರು ಗದರಿದ್ದಕ್ಕೆ ಅವರ ಮನಸ್ಸಿಗೂ ನೋವಾಗಿದೆ. “ಹುಡುಗನ ಕೈ ಭಾಳ ಚಲೋ ಐತಿ, ಇಳಿಜಾರಿನ್ಯಾಗ ಗೇರು ಬೆಣ್ಣಿ ಹಂಗ ಬಿತ್ತು” ಎಂದರು. ಬರುವ ಭಾನುವಾರ ಸಂಜೆ ಸಂಘದ ಕಚೇರಿಯಲ್ಲಿ ಈ ನಾಲ್ಕು ಬೇಡಿಕೆಗಳ ಮನವಿಗೆ ಸಹಿ ಹಾಕಿಸುವ ಕೆಲಸವಿದೆ. ನೀನೂ ಬಾ, ನಾಲ್ಕನೆಯ ಬೇಡಿಕೆಯನ್ನು ನೀನೇ ಓದಿ ಹೇಳು. ಒಪ್ಪದಿದ್ದರೆ ಅದನ್ನೂ ಎದ್ದು ನಿಂತು ಹೇಳು. ಆ ಮಾತನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.